ಅಕ್ಕನ ಕೈಗೆ ಕಾರಿನ ಕೀ

ಮೊನ್ನೆ ಅಡುಗೆಮನೆಯ ಡ್ರಾಯರ್ ಖಾಲಿ ಮಾಡುತ್ತಿದ್ದೆ. ಸತ್ತ ಬ್ಯಾಟರಿ, ಪಿಜ್ಜಾ ಕೂಪನ್, ಯಾವ ಬೀಗದ್ದೋ ಗೊತ್ತಿಲ್ಲದ ಎರಡು ಕೀ, ಬೆರಳುದ್ದದ ಒಂದು ಕಪ್ಪು ಡಬ್ಬಿ. ಎಲ್ಲದರ ಕೆಳಗೆ ನಾಲ್ಕು ಮಡಿಕೆ ಮಾಡಿದ ಎರಡು ಹಾಳೆ. ಮೇಲೆ ದಪ್ಪ ಅಕ್ಷರದಲ್ಲಿ ‘ಕಾರು ಬಳಕೆಯ ನಿಯಮಗಳು’ ಅಂತ ಇತ್ತು. ಒಟ್ಟು 23 ನಿಯಮ. ನಾನೇ ಟೈಪ್ ಮಾಡಿದ್ದು, 2023ರ ಆಗಸ್ಟ್‌ನಲ್ಲಿ. ನಿಂತಲ್ಲೇ ಓದಿದೆ. ಆರನೇ ನಿಯಮಕ್ಕೆ ಬರುವಷ್ಟರಲ್ಲಿ ಕಿವಿ ಬಿಸಿಯಾಗಿತ್ತು.

ನಾವಿರೋದು ನ್ಯೂಜೆರ್ಸಿಯಲ್ಲಿ. ಇಬ್ಬರೂ ಕೆಲಸಕ್ಕೆ ಹೋಗುವವರು. ಆಗ ಮಗನಿಗೆ ಆರು ವರ್ಷ, ಮಗಳಿಗೆ ಮೂರು. ಡೇಕೇರ್‌ನ ಖರ್ಚು, ಸ್ಕೂಲ್ ಬಿಟ್ಟ ಮೇಲಿನ ಎರಡು ಗಂಟೆ, ಜ್ವರ ಬಂದ ದಿನದ ಪರದಾಟ ಇವನ್ನೆಲ್ಲ ಲೆಕ್ಕ ಹಾಕಿ ಕೊನೆಗೆ ಓ ಪೇರ್ ಇಟ್ಟುಕೊಳ್ಳೋಣ ಅಂತ ತೀರ್ಮಾನಿಸಿದೆವು. ಗೊತ್ತಿಲ್ಲದವರಿಗೆ ಎರಡು ಮಾತು. ಬೇರೆ ದೇಶದ 18ರಿಂದ 26 ವಯಸ್ಸಿನ ಹುಡುಗ ಹುಡುಗಿಯರು ಸಾಂಸ್ಕೃತಿಕ ವಿನಿಮಯಕ್ಕೆ ಕೊಡುವ ಜೆ-1 ವೀಸಾದ ಮೇಲೆ ಒಂದು ವರ್ಷ ಬಂದು ನಮ್ಮ ಮನೆಯಲ್ಲೇ ಇದ್ದು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅಮೆರಿಕದಲ್ಲಿ ಇದು ಶುರುವಾಗಿದ್ದು 1986ರಲ್ಲಿ. ದಿನಕ್ಕೆ 10 ಗಂಟೆ, ವಾರಕ್ಕೆ 45 ಗಂಟೆ ದಾಟುವಂತಿಲ್ಲ. ವಾರಕ್ಕೆ ಒಂದೂವರೆ ದಿನ ರಜ ಕೊಡಲೇಬೇಕು, ತಿಂಗಳಿಗೊಂದು ವಾರಾಂತ್ಯ ಪೂರ್ತಿ ಬಿಡುವು. ಊಟ, ಅವರದ್ದೇ ಆದ ಒಂದು ರೂಮು, ಓದಿಗೆ 500 ಡಾಲರ್‌ವರೆಗೆ, ಮತ್ತೆ ವಾರಕ್ಕೆ ಕನಿಷ್ಠ 195.75 ಡಾಲರ್ ಕೈಖರ್ಚು. ಈ 75 ಸೆಂಟ್ ಎಲ್ಲಿಂದ ಬಂತು ಅಂತ ನನಗೂ ಕುತೂಹಲ ಇತ್ತು. ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 7.25. ಅದನ್ನು 45ರಿಂದ ಗುಣಿಸಿ, ಊಟ ವಸತಿಗೆ ಅಂತ ಶೇಕಡಾ 40 ಕಳೆದರೆ ಸರಿಯಾಗಿ ಇಷ್ಟೇ ಉಳಿಯುತ್ತೆ. ಈ ಮೊತ್ತ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

‘ಓ ಪೇರ್’ ಫ್ರೆಂಚ್ ಮಾತು. ಸಮಸಮ ಅಂತ ಅರ್ಥ. ಆಳೂ ಅಲ್ಲ, ಅತಿಥಿಯೂ ಅಲ್ಲ, ಮನೆಯವರ ಸಮಕ್ಕೆ ಇರುವವಳು. ಕೇಳೋಕೆ ಚೆನ್ನಾಗಿದೆ ಅಲ್ವಾ? ನಮ್ಮ ಮನೆಯಲ್ಲಿ ಅದು ಕಾರಿನ ಕೀ ಹತ್ತಿರ ಬಂದು ನಿಂತುಬಿಟ್ಟಿತು.

ಬಂದವಳು ಬ್ರೆಜಿಲ್‌ನ ಮಿನಾಸ್ ಜೆರೈಸ್ ರಾಜ್ಯದ ಹುಡುಗಿ. 22 ವರ್ಷ. ಬಂದ ನಾಲ್ಕನೇ ದಿನಕ್ಕೆ ಮಕ್ಕಳು ಅವಳನ್ನು ‘ಅಕ್ಕ’ ಅಂತ ಕರೆಯೋಕೆ ಶುರು ಮಾಡಿದರು. ಹೇಳಿಕೊಟ್ಟವರು ಅಜ್ಜಿ, ಅಂದರೆ ನಮ್ಮತ್ತೆ, ಮೈಸೂರಿನಿಂದ ವಿಡಿಯೋ ಕಾಲ್‌ನಲ್ಲಿ. ನಾನೂ ಇಲ್ಲಿ ಅಕ್ಕ ಅಂತಲೇ ಬರೀತೀನಿ. ಅದೇ ಅತ್ತೆ ಕಾರಿನ ವಿಷಯ ಬಂದಾಗ ದನಿ ತಗ್ಗಿಸಿ ನನಗೊಬ್ಬಳಿಗೇ ಹೇಳಿದ್ದು ಹೀಗೆ: “ನೋಡಮ್ಮ, ಇನ್ನೊಬ್ಬರ ಮನೆ ಹೆಣ್ಣುಮಗು. ಕಾರು ಕೊಟ್ಟು ಕಳಿಸಿ, ಹೆಚ್ಚುಕಮ್ಮಿ ಆದ್ರೆ ಅವರಪ್ಪ ಅಮ್ಮಂಗೆ ಏನಂತ ಉತ್ತರ ಹೇಳ್ತೀಯಾ?”

ಈ ಒಂದು ಪ್ರಶ್ನೆಯಿಂದ ನನ್ನ 23ರಲ್ಲಿ ಹತ್ತು ನಿಯಮ ಹುಟ್ಟಿದವು. ಉಳಿದ ಹದಿಮೂರು ಕಾರಿಗೆ ಗೀರು ಬೀಳುತ್ತೆ ಅನ್ನೋ ಭಯದಿಂದ.

ಕಾರು ಕೊಡದೇ ಇರೋಕೆ ಆಗಲ್ವಾ ಅಂದರೆ, ನಮ್ಮ ಬೀದಿ ನೋಡಿದವರು ಹಾಗೆ ಕೇಳಲ್ಲ. ಬಸ್ ಸ್ಟಾಪ್ ಒಂದೂವರೆ ಮೈಲಿ ದೂರ, ಅರ್ಧ ದಾರಿಗೆ ಫುಟ್‌ಪಾತೇ ಇಲ್ಲ. ಸ್ಕೂಲು, ಈಜು, ಹಲ್ಲಿನ ಡಾಕ್ಟರು, ಹಾಲು, ಎಲ್ಲದಕ್ಕೂ ಕಾರೇ. ಇಲ್ಲಿ ಕೀ ಇಲ್ಲದವರಿಗೆ ಕಾಲಿಲ್ಲ.

ಮೊದಲು ಕಾಗದ ಪತ್ರದ ಕೆಲಸ, ಅದನ್ನು ಬೇಗ ಹೇಳಿ ಮುಗಿಸ್ತೀನಿ. ಲೈಸೆನ್ಸ್ ಕಚೇರಿಯಲ್ಲಿ ಗುರುತಿನ ದಾಖಲೆಗೆ ‘ಆರು ಪಾಯಿಂಟ್’ ಲೆಕ್ಕ. ಪಾಸ್‌ಪೋರ್ಟಿಗೆ ಇಷ್ಟು, ಇನ್ನೊಂದಕ್ಕೆ ಇಷ್ಟು ಅಂತ ಕೂಡಿಸಿ ಆರು ಮಾಡಬೇಕು. ಬರಹದ ಪರೀಕ್ಷೆಯಲ್ಲಿ 50 ಪ್ರಶ್ನೆ, 40 ಸರಿ ಇರಬೇಕು. ಪೋರ್ಚುಗೀಸ್‌ನಲ್ಲೂ ಬರೆಯಬಹುದಿತ್ತು. ಅಕ್ಕ ಹಟ ಮಾಡಿ ಇಂಗ್ಲಿಷ್‌ನಲ್ಲಿ ಬರೆದಳು, 38 ಬಂತು. ಎರಡನೇ ಸಲ ಹಟ ಬಿಟ್ಟಳು, 47.

ಇನ್ಶೂರೆನ್ಸ್ ಮಾತ್ರ ಬೇಗ ಮುಗಿಸುವ ವಿಷಯ ಅಲ್ಲ. “ಯಾಕೆ ಸುಮ್ನೆ ಹೇಳೋಕೆ ಹೋಗ್ತೀರಾ, ಪ್ರೀಮಿಯಂ ಏರುತ್ತೆ, ಯಾರು ಓಡಿಸಿದರೂ ಕವರ್ ಆಗುತ್ತೆ” ಅಂತ ಗೆಳತಿಯೊಬ್ಬಳು ಹೇಳಿದಳು. ಅದು ಅರ್ಧ ಸತ್ಯ. ಪಕ್ಕದ ಮನೆಯವರು ಒಂದು ದಿನ ಕಾರು ಕೇಳಿಕೊಂಡು ಹೋದರೆ ಆ ಮಾತು ಸಾಮಾನ್ಯವಾಗಿ ಸರಿ. ಆದರೆ ನಮ್ಮ ಮನೆಯಲ್ಲೇ ವಾಸ ಇದ್ದು ದಿನಾ ನಮ್ಮ ಕಾರು ಓಡಿಸುವವಳ ಹೆಸರು ಪಾಲಿಸಿಯಲ್ಲಿ ಇರಬೇಕು. ಮುಚ್ಚಿಟ್ಟಿದ್ದು ಗೊತ್ತಾದರೆ ಕಂಪನಿ ಕ್ಲೇಮ್ ತಿರಸ್ಕರಿಸಬಹುದು. ಆಗ ಎದುರಿನ ಕಾರಿನವರು ಕೇಳುವ ಪರಿಹಾರ ನಮ್ಮ ತಲೆಗೆ ಬರಬಹುದು. ಅಮೆರಿಕದಲ್ಲಿ ಓಡಿಸಿದ ಅನುಭವವೇ ಇಲ್ಲದವಳು ಅಂತ ಆರು ತಿಂಗಳಿಗೆ 412 ಡಾಲರ್ ಜಾಸ್ತಿ ಕಟ್ಟಿದೆವು. ಕಟ್ಟುವಾಗ ಹೊಟ್ಟೆ ಉರಿದಿದ್ದು ನಿಜ. ಆದರೆ ಇಡೀ ಪಟ್ಟಿಯಲ್ಲಿ ಇವತ್ತಿಗೂ ನಾನು ಕೈ ಹಾಕದ ಒಂದು ಸಾಲು ಇದ್ದರೆ ಅದು ಇದೇ.

ಆಮೇಲೆ ಪಾಠ. ಭಾನುವಾರ ಬೆಳಗ್ಗೆ ಹೈಸ್ಕೂಲಿನ ಪಾರ್ಕಿಂಗ್ ಲಾಟ್ ಖಾಲಿ ಇರುತ್ತೆ. ನಮ್ಮ ಎರಡನೇ ಕಾರು, ಹನ್ನೊಂದು ವರ್ಷದ ಬೆಳ್ಳಿ ಬಣ್ಣದ ಕೊರೋಲಾ, ಅಲ್ಲಿಗೆ ತಗೊಂಡು ಹೋದೆವು. ಅಕ್ಕ ಊರಲ್ಲಿ ನಾಲ್ಕು ವರ್ಷ ಗಾಡಿ ಓಡಿಸಿದ್ದಳು, ಎಲ್ಲ ಗೇರ್ ಕಾರು. ಇದು ಆಟೋಮ್ಯಾಟಿಕ್, ಕ್ಲಚ್ಚೇ ಇಲ್ಲ. ಹೊರಟ ಹತ್ತೇ ಸೆಕೆಂಡಿಗೆ ನನ್ನ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯೋದೊಂದು ಬಾಕಿ. ಎಡಗಾಲು ಕ್ಲಚ್ ಹುಡುಕಿಕೊಂಡು ಹೋಗಿ ಅಗಲದ ಬ್ರೇಕ್ ಪೆಡಲ್ ಮೇಲೆ ಪೂರ್ತಿ ಭಾರ ಬಿಟ್ಟಿತ್ತು. ಮತ್ತೆ ಹೊರಟಳು, ಮತ್ತೆ ಅದೇ. ಮೂರನೇ ಸಲಕ್ಕೆ ಎಡಗಾಲಿನ ಚಪ್ಪಲಿ ಬಿಚ್ಚಿಸಿ, ಪಾದವನ್ನು ಸೀಟಿನ ಕಡೆ ಎಳೆದುಕೊಂಡು ಕೂರು ಅಂದೆ. ಬರಿಗಾಲು ಅಲ್ಲಾಡಿದರೆ ತಕ್ಷಣ ಗೊತ್ತಾಗುತ್ತೆ ಅಂತ ನನ್ನ ಲೆಕ್ಕ. ಅರ್ಧ ಗಂಟೆಯಲ್ಲಿ ಕಾಲು ಸುಮ್ಮನಾಯಿತು.

ತಲೆ ಸುಮ್ಮನಾಗೋಕೆ ಎರಡು ವಾರ ಬೇಕಾಯಿತು. 50 ಅಂದರೆ ಅವಳ ಲೆಕ್ಕದಲ್ಲಿ ಊರೊಳಗಿನ ನಿಧಾನದ ವೇಗ. ಇಲ್ಲಿ ಲೆಕ್ಕ ಮೈಲಿಯಲ್ಲಿ, ಮುಳ್ಳು 50ಕ್ಕೆ ಬಂದರೆ ಗಂಟೆಗೆ 80 ಕಿಲೋಮೀಟರ್. ಅದರ ಮೇಲೆ ನ್ಯೂಜೆರ್ಸಿಯ ಜಗ್‌ಹ್ಯಾಂಡಲ್. ಎಡಕ್ಕೆ ಹೋಗಬೇಕಾದರೆ ಬಲಗಡೆ ಇಳಿದು, ಹೂಜಿಯ ಹಿಡಿ ಥರ ಸುತ್ತಿಕೊಂಡು ಬರಬೇಕು. “ಎಡಕ್ಕೆ ಹೋಗೋಕೆ ಬಲಕ್ಕೆ ಯಾಕೆ?” ಅಂತ ಕೇಳಿದಳು. ಹದಿನೈದು ವರ್ಷದಿಂದ ನಾನೂ ಅದನ್ನೇ ಕೇಳ್ತಾ ಇದೀನಿ. ಸ್ಕೂಲ್ ಬಸ್ಸಿನ ಕೆಂಪು ದೀಪ ಮಿನುಗಿದರೆ ಎದುರಿನಿಂದ ಬರುವವರೂ 25 ಅಡಿ ದೂರದಲ್ಲಿ ನಿಲ್ಲಬೇಕು ಅನ್ನೋದು ಅವಳಿಗೆ ಬಹಳ ಇಷ್ಟವಾಯಿತು. “ಇಡೀ ರಸ್ತೆ ಒಂದು ಮಗುವಿಗೋಸ್ಕರ ನಿಲ್ಲುತ್ತೆ” ಅಂತ ಅವಳಮ್ಮನಿಗೆ ಹೇಳುತ್ತಿದ್ದಳಂತೆ.

ಮಕ್ಕಳನ್ನು ಕೂರಿಸಿಕೊಂಡು ಓಡಿಸುವ ನಿಯಮಗಳಲ್ಲಿ ನಾನು ಚೌಕಾಸಿಗೆ ಅವಕಾಶ ಕೊಡಲಿಲ್ಲ, ಈಗಲೂ ಕೊಡಲ್ಲ. ಫೋನ್ ಬ್ಯಾಗಿನಲ್ಲಿ, ಬ್ಯಾಗ್ ಹಿಂದಿನ ಸೀಟಿನ ಕೆಳಗೆ. ಈ ರಾಜ್ಯದಲ್ಲಿ ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದರೆ ಮೊದಲ ಸಲಕ್ಕೇ 200ರಿಂದ 400 ಡಾಲರ್ ದಂಡ, ಆದರೆ ದಂಡ ನನ್ನ ಚಿಂತೆ ಆಗಿರಲಿಲ್ಲ. ಎರಡು ನಿಮಿಷಕ್ಕೂ ಮಗುವನ್ನು ಕಾರಿನಲ್ಲಿ ಬಿಟ್ಟು ಇಳಿಯಬಾರದು. ಮಗುವಿನ ಕಾರ್ ಸೀಟು, ಅದನ್ನು ಬೆಲ್ಟಿನಿಂದ ಬಿಗಿದ ಜಾಗದಲ್ಲಿ, ಒಂದು ಇಂಚಿಗಿಂತ ಜಾಸ್ತಿ ಅಲ್ಲಾಡಬಾರದು. ಎದೆಯ ಕ್ಲಿಪ್ ಕಂಕುಳಿನ ಮಟ್ಟಕ್ಕೆ ಇರಬೇಕು. ಭುಜದ ಹತ್ತಿರ ಬೆಲ್ಟನ್ನು ಚಿಟಿಕೆ ಹಿಡಿದು ನೋಡಬೇಕು, ಬೆಲ್ಟಿನ ಪಟ್ಟಿ ಬೆರಳಿಗೆ ಮಡಚಿಕೊಂಡು ಬಂದರೆ ಇನ್ನೂ ಸಡಿಲ ಇದೆ ಅಂತ. ಬೆಲ್ಟಿನ ಕೆಳಗೆ ದಪ್ಪ ಜಾಕೆಟ್ ಇರಬಾರದು, ಬೆಲ್ಟ್ ಸಡಿಲ ಉಳಿಯುತ್ತೆ.

ಅಕ್ಕ ಇದನ್ನು ಪೂಜೆ ಥರ ಮಾಡಿದಳು. ಬಗ್ಗಿ, ನಾಲಿಗೆ ತುದಿ ಹಲ್ಲಿನ ಮಧ್ಯೆ ಇಟ್ಟುಕೊಂಡು, ಬಲಗೈಯ ಎರಡು ಬೆರಳಿನಲ್ಲಿ ಚಿಟಿಕೆ. ಎಡ ಭುಜ, ಬಲ ಭುಜ. ಆಮೇಲೆ ಮಗಳ ಮೂಗಿಗೊಂದು ಚಿಟಿಕೆ. ಆ ಮೂರನೇ ಚಿಟಿಕೆ ಇಲ್ಲದೆ ಕಾರು ಹೊರಡುವಂತಿರಲಿಲ್ಲ. ಚಳಿಗಾಲದಲ್ಲಿ ಒಂದು ಬೆಳಗ್ಗೆ ನನ್ನ ಗಂಡ ಅವಸರದಲ್ಲಿ ದಪ್ಪ ಜಾಕೆಟ್ ಮೇಲೇ ಬೆಲ್ಟ್ ಹಾಕಿ ಮಗಳನ್ನು ಕೂರಿಸಿದರು. ಅವಳು ಶುರು ಮಾಡಿದಳು, “ಅಕ್ಕ ಜಾಕೆಟ್ ಬಿಚ್ಚಿಸ್ತಾಳೆ, ಅಪ್ಪಾ.” ಬಾಗಿಲಲ್ಲಿ ನಿಂತಿದ್ದ ಅಕ್ಕ ಏನೂ ಹೇಳದೆ ಬಂದು, ಬೆಲ್ಟ್ ಬಿಚ್ಚಿ, ಜಾಕೆಟ್ ತೆಗೆದು, ಬೆಲ್ಟ್ ಬಿಗಿದು, ಜಾಕೆಟ್ಟನ್ನು ಉಲ್ಟಾ ಹೊದಿಸಿದಳು. ನಿಯಮ ಬರೆದವರು ನಾವೇ. ಪಾಲಿಸುತ್ತಿದ್ದವಳು ಅವಳೊಬ್ಬಳೇ.

ಇಷ್ಟು ನಂಬಿಕೆಯಿಂದ ನಮ್ಮ ಇಬ್ಬರು ಮಕ್ಕಳನ್ನು ಅವಳ ಕೈಗೆ ಕೊಟ್ಟಿದ್ದೆವು. ಈಗ ಆ ಹಾಳೆಯ ಎರಡನೇ ಭಾಗ ನೋಡಿ. ತಲೆಬರಹ ‘ಸ್ವಂತ ಬಳಕೆ’. ರಾತ್ರಿ ಹತ್ತಕ್ಕೆ ಕಾರು ಮನೆಯಲ್ಲಿರಬೇಕು. 15 ಮೈಲಿ ದಾಟುವಂತಿಲ್ಲ. ಬೇರೆ ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಹೊರಡುವಾಗ ಮೆಸೇಜ್, ತಲುಪಿದಾಗ ಮೆಸೇಜ್. ನ್ಯೂಆರ್ಕ್‌ಗೆ (ನ್ಯೂಯಾರ್ಕ್ ಅಲ್ಲ, ನಮ್ಮ ರಾಜ್ಯದ್ದೇ ದೊಡ್ಡ ಊರು) ಕಾರು ಇಲ್ಲ. ಸೀಟನ್ನು ಮೊದಲಿದ್ದ ಜಾಗಕ್ಕೇ ತಳ್ಳಿಡಬೇಕು. ಉಪಯೋಗಿಸಿದಷ್ಟು ಪೆಟ್ರೋಲ್ ಹಾಕಿಸಬೇಕು. ಅವಳ ತಪ್ಪಿನಿಂದ ಕಾರಿಗೆ ಏಟಾದರೆ 500 ಡಾಲರ್ ಅವಳದು.

ಹಗಲು ಹೊತ್ತು ನಮ್ಮ ಮಕ್ಕಳ ಜೀವ ಅವಳ ಕೈಯಲ್ಲಿ. ರಾತ್ರಿ ಹತ್ತಾದ ಮೇಲೆ ಹನ್ನೊಂದು ವರ್ಷದ ಕೊರೋಲಾ ಕೊಡೋಕೂ ಕೈ ಬರಲ್ಲ. ಬರೆಯುವಾಗ ಇದು ನನಗೆ ಕಾಣಲೇ ಇಲ್ಲ.

ಯಾಕೆ ಕಾಣಲಿಲ್ಲ ಅಂತ ಆಮೇಲೆ ಬಹಳ ಯೋಚಿಸಿದ್ದೀನಿ. ನನ್ನ ಬಾಯಲ್ಲಿ ಒಂದು ಮಾತು ಸದಾ ಸಿದ್ಧ ಇರುತ್ತಿತ್ತು. “ಅವಳು ನಮ್ಮ ಮನೆ ಮಗಳ ಥರ.” ಆ ಮಾತು ನನಗೆ ಎಲ್ಲಿಂದ ಬಂತು ಅನ್ನೋದೂ ಗೊತ್ತು. ತವರುಮನೆಯಲ್ಲಿ ಪಾತ್ರೆ ತೊಳೆಯೋಕೆ ಬರುತ್ತಿದ್ದವಳನ್ನು ಅಮ್ಮ ಎಲ್ಲರಿಗೂ “ನಮ್ಮ ಮನೆಯವಳೇ” ಅಂತಲೇ ಪರಿಚಯ ಮಾಡುತ್ತಿದ್ದರು. ಅವಳ ಕಾಫಿ ಲೋಟ ಮಾತ್ರ ಹಿತ್ತಲ ಕಿಟಕಿ ಮೇಲೆ, ಬೇರೆ. ಅಮ್ಮ ಕೆಟ್ಟವರಲ್ಲ. ಆ ಲೋಟ ಅವರ ಕಣ್ಣಿಗೇ ಬೀಳುತ್ತಿರಲಿಲ್ಲ, ಅಷ್ಟೇ.

ನನ್ನ ಪಟ್ಟಿಯೂ ಹಾಗೇ ಇತ್ತು. ಕರ್ಫ್ಯೂ ಹಾಕುವಾಗ ಅವಳು ಮಗಳು. 500 ಡಾಲರ್ ವಸೂಲಿಗೆ ಬಂದಾಗ ಅವಳು ಕೆಲಸದವಳು. ನಮಗೆ ಯಾವಾಗ ಯಾವುದು ಅನುಕೂಲವೋ ಅದು. ಮಗಳಾಗಿದ್ದರೆ ಬಂಪರ್ ಒಡೆದಾಗ ಬೈದು ನಾವೇ ರಿಪೇರಿ ಮಾಡಿಸುತ್ತಿದ್ದೆವು. ಕೆಲಸದವಳೇ ಆಗಿದ್ದರೆ ಡ್ಯೂಟಿ ಮುಗಿದ ಮೇಲೆ ಅವಳು ಎಷ್ಟು ಹೊತ್ತಿಗೆ ಬರುತ್ತಾಳೆ ಅಂತ ಕೇಳುವ ಹಕ್ಕು ನಮಗಿರಲಿಲ್ಲ. ಎರಡೂ ಕಡೆಯ ಹಕ್ಕು ಮಾತ್ರ ತಗೊಂಡು, ಎರಡೂ ಕಡೆಯ ಹೊರೆ ಅವಳಿಗೆ ಕೊಟ್ಟಿದ್ದೆವು. ಸಮಸಮ ಅನ್ನೋ ಹೆಸರಿಟ್ಟುಕೊಂಡು.

ಇನ್ನು ಆ ಕಪ್ಪು ಡಬ್ಬಿ. ಸ್ಟೀರಿಂಗ್ ಕೆಳಗಿನ ಪೋರ್ಟಿಗೆ ಸಿಕ್ಕಿಸಿದರೆ ಕಾರು ಎಲ್ಲಿದೆ ಅಂತ ಫೋನಿನಲ್ಲಿ ಚುಕ್ಕೆ ಕಾಣುತ್ತೆ. ಹದಿಹರೆಯದ ಮಕ್ಕಳಿರುವ ಅಪ್ಪ ಅಮ್ಮಂದಿರು ಕೊಳ್ಳುವಂಥದ್ದು. ತಂದವರು ನನ್ನ ಗಂಡ. ಬೇಡ ಅನ್ನಲಿಲ್ಲ ನಾನು. ಅಕ್ಕನಿಗೆ ಹೇಳಬೇಕು ಅಂತ ಇಬ್ಬರಿಗೂ ಅನ್ನಿಸಿತ್ತು. ಆಮೇಲೆ ಹೇಳೋಣ ಅಂದುಕೊಂಡೆವು. ಆ ‘ಆಮೇಲೆ’ ಬರಲೇ ಇಲ್ಲ.

ಅಕ್ಟೋಬರ್‌ನಲ್ಲಿ ಒಂದು ಮಂಗಳವಾರ ರಾತ್ರಿ ಚುಕ್ಕೆ ಸೂಪರ್‌ಮಾರ್ಕೆಟ್ಟಿನ ಪಾರ್ಕಿಂಗ್ ಲಾಟ್‌ನಲ್ಲಿ ಒಂದೂವರೆ ಗಂಟೆ ನಿಂತಿತ್ತು. ಮುಂದಿನ ಮಂಗಳವಾರವೂ ಅಷ್ಟೇ. ವಾಪಸ್ ಬಂದಾಗ ಕೈಯಲ್ಲಿ ಒಂದು ಚೀಲವೂ ಇಲ್ಲ. ಗಂಡ ಹೆಂಡತಿ ಹಾಸಿಗೆಯಲ್ಲಿ ಕೂತು ಪಿಸುಗುಟ್ಟಿದ್ದನ್ನು ಇಲ್ಲಿ ಬರೆಯೋಕೆ ನಾಚಿಕೆಯಾಗುತ್ತೆ. ಹುಡುಗ ಇರಬಹುದು. ಬೇರೆ ಏನಾದರೂ ಇರಬಹುದು. ಮೂರನೇ ಮಂಗಳವಾರ ಹಾಲು ತರ್ತೀನಿ ಅಂತ ಇನ್ನೊಂದು ಕಾರಿನಲ್ಲಿ ನಾನು ಹೋದೆ. ಫ್ರಿಜ್ಜಿನಲ್ಲಿ ಹಾಲು ತುಂಬಿಕೊಂಡಿತ್ತು.

ಲಾಟ್‌ನ ತುದಿಯಲ್ಲಿ, ದೀಪದ ಕಂಬದ ಕೆಳಗೆ ಕೊರೋಲಾ. ಒಳಗಿನ ದೀಪ ಹಾಕಿಕೊಂಡಿದ್ದಳು. ಫೋನನ್ನು ಸ್ಟೀರಿಂಗ್‌ಗೆ ಒರಗಿಸಿದ್ದಳು. ಮಡಿಲಲ್ಲಿ ಚಿಪ್ಸ್ ಪ್ಯಾಕೆಟ್. ಪೋರ್ಚುಗೀಸ್‌ನಲ್ಲಿ ಏನೋ ಹೇಳಿ, ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಳು. ಕಿಟಕಿ ಮುಚ್ಚಿದ್ದರೂ ಎರಡು ಸಾಲು ಆಚೆ ನನಗೆ ಕೇಳಿಸುತ್ತಿತ್ತು. ಫೋನಿನಲ್ಲಿ ಅವಳಮ್ಮ ಇದ್ದರು, ಹಿಂದೆ ಇನ್ಯಾರೋ ಇಣುಕುತ್ತಿದ್ದರು. ನಾಯಿಯೊಂದು ಬೊಗಳಿತು, ಇವಳು ಇಲ್ಲಿಂದ ವಾಪಸ್ ಬೊಗಳಿದಳು.

ಅವಳ ದನಿ ಅಷ್ಟು ದೊಡ್ಡದು ಅಂತ ನನಗೆ ಗೊತ್ತೇ ಇರಲಿಲ್ಲ. ನಮ್ಮ ಮನೆಯಲ್ಲಿ ಮಕ್ಕಳು ಎಂಟಕ್ಕೆ ಮಲಗುತ್ತಾರೆ. ಅವಳ ರೂಮಿನ ಗೋಡೆ ಮಕ್ಕಳ ಗೋಡೆ. “ಎಂಟಾದ ಮೇಲೆ ಸ್ವಲ್ಪ ಮೆಲ್ಲಗೆ ಮಾತಾಡು” ಅಂತ ಮೊದಲ ವಾರವೇ ಹೇಳಿದ್ದೆ. ಅವಳು ಎರಡೂವರೆ ತಿಂಗಳಿಂದ ಮೆಲ್ಲಗೇ ಮಾತಾಡಿಕೊಂಡಿದ್ದಳು. ಜೋರಾಗಿ ನಗೋಕೆ ಅವಳಿಗೆ ಸಿಕ್ಕಿದ್ದು ಒಂದೇ ರೂಮು. ಅದಕ್ಕೆ ನಾಲ್ಕು ಚಕ್ರ ಇತ್ತು, ವಾರಕ್ಕೊಂದು ಸಲ ನಮ್ಮ ಅನುಮತಿ ಬೇಕಿತ್ತು, ಮತ್ತೆ ನಾವು ಅದರೊಳಗೂ ಇಣುಕುತ್ತಿದ್ದೆವು.

ಹಾಲು ತಗೊಂಡು ವಾಪಸ್ ಬಂದೆ. ಡಬ್ಬಿ ಕಿತ್ತು ಡ್ರಾಯರ್‌ಗೆ ಹಾಕಿದೆ. ಅವಳಿಗೆ ಆಗಲೂ ಹೇಳಲಿಲ್ಲ.

ಡಿಸೆಂಬರ್‌ನಲ್ಲಿ ನೇಲ್ ಪಾಲಿಶ್ ಪ್ರಸಂಗ. ಶನಿವಾರ ಕಾರು ತೊಳೆಯುವಾಗ ಹಿಂದಿನ ಬಂಪರಿನ ಬಲ ಮೂಲೆ ಯಾಕೋ ಮಿರಮಿರ ಮಿನುಗುತ್ತಿತ್ತು. ಬೆಳ್ಳಿ ಬಣ್ಣವೇ, ಆದರೆ ನಮ್ಮ ಕಾರಿನ ಬೆಳ್ಳಿ ಅಲ್ಲ, ಅದರಲ್ಲಿ ಮಿಂಚಿನ ಪುಡಿ ಇತ್ತು. ಉಗುರಿನಿಂದ ಕೆರೆದೆ. ಪದರ ಎದ್ದು ಬಂತು, ಕೆಳಗೆ ಹಳದಿ ಗೀರು. ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿರ್ತಾರಲ್ಲ ಹಳದಿ ಕಂಬ, ಅದರ ಬಣ್ಣ. ಎಷ್ಟು ನೀಟಾಗಿ ಹಚ್ಚಿದ್ದಳು ಅಂದರೆ, ಬ್ರಶ್ಶಿನ ಗೆರೆ ಎಲ್ಲ ಒಂದೇ ದಿಕ್ಕಿಗೆ.

ಆ ರಾತ್ರಿ ಅಡುಗೆಮನೆ ಟೇಬಲ್ ಮುಂದೆ ಮೂವರೂ ಕೂತೆವು. ನಾನು ಕೇಳುವ ಮೊದಲೇ ಅವಳ ಕಣ್ಣು ತುಂಬಿತ್ತು. ಗುರುವಾರ ಆಗಿದ್ದಂತೆ. ಹಿಂದಕ್ಕೆ ತೆಗೆಯುವಾಗ ಕಂಬ ಕಾಣಲಿಲ್ಲ. 500 ಡಾಲರ್ ಅಂದರೆ ಎರಡೂವರೆ ವಾರದ ದುಡ್ಡು. ಕ್ರಿಸ್‌ಮಸ್‌ಗೆ ತಂಗಿಗೆ ಕಳಿಸಬೇಕಾಗಿತ್ತು. ಒಂಬತ್ತು ಡಾಲರ್‌ಗೆ ನೇಲ್ ಪಾಲಿಶ್ ಸಿಕ್ಕಿತು.

ನನ್ನ ಗಂಡ “ಸುಳ್ಳು ಹೇಳಬಾರದಿತ್ತು” ಅಂತ ಶುರು ಮಾಡಿದರು. ಅವರ ಮಾತು ಪೂರ್ತಿಯಾಗೋಕೆ ಬಿಡದೆ ನಾನು ಎದ್ದು ಡ್ರಾಯರ್ ತೆಗೆದು ಆ ಕಪ್ಪು ಡಬ್ಬಿ ತಂದು ಟೇಬಲ್ ಮೇಲಿಟ್ಟೆ. ಇದೇನು ಅಂತ ಅವಳಿಗೆ ತಕ್ಷಣ ಗೊತ್ತಾಗಲಿಲ್ಲ. ಹೇಳಿದೆ. ಪಾರ್ಕಿಂಗ್ ಲಾಟ್‌ಗೆ ಬಂದಿದ್ದನ್ನೂ ಹೇಳಿದೆ. ತುಂಬಾ ಹೊತ್ತು ಡಬ್ಬಿಯನ್ನು ಬೆರಳಿನಲ್ಲಿ ತಿರುಗಿಸುತ್ತಾ ಕೂತಿದ್ದಳು. ಆಮೇಲೆ ಕೇಳಿದ್ದು ಒಂದೇ ಮಾತು, “ನಾನು ಬೊಗಳಿದ್ದೂ ಕೇಳಿಸ್ತಾ?”

ಅವಳದ್ದು ಎರಡು ದಿನದ ಸುಳ್ಳು. ನಮ್ಮದು ಮೂರೂವರೆ ತಿಂಗಳದ್ದು.

ಆ ಎರಡು ಹಾಳೆ ಡ್ರಾಯರ್ ಸೇರಿದ್ದು ಅವತ್ತೇ. ಹೊಸದನ್ನು ಮೂವರೂ ಕೂತು ಬರೆದೆವು, ಅರ್ಧ ಪುಟಕ್ಕೆ ಮುಗಿಯಿತು. ಮಕ್ಕಳ ಭಾಗ ಹಾಗೇ ಉಳಿಯಿತು. ಅವಳೇ ಒಂದು ಸಾಲು ಸೇರಿಸಿದಳು, ದಪ್ಪ ಜಾಕೆಟ್ ನಿಯಮ ಅಪ್ಪನಿಗೂ ಅನ್ವಯ ಅಂತ.

ದುಡ್ಡಿನ ವಿಷಯದಲ್ಲಿ ಜಾಸ್ತಿ ಹೊತ್ತು ಹಿಡಿಯಿತು. ಕೆಲಸದ ಹೊತ್ತಿನಲ್ಲಿ ಏನೇ ಆದರೂ ಅದು ನಮ್ಮದು, ಅದರಲ್ಲಿ ಮಾತಿಲ್ಲ. ನಮ್ಮ ಕೆಲಸಕ್ಕೆ ನಮ್ಮ ಕಾರು ಓಡಿಸುವವಳಿಂದ ದುಡ್ಡು ಕೀಳುವುದು ಹೋಟೆಲಿನಲ್ಲಿ ಒಡೆದ ಲೋಟಕ್ಕೆ ಮಾಣಿಯ ಸಂಬಳ ಹಿಡಿದ ಹಾಗೆ. ಅವಳ ಸ್ವಂತ ಓಡಾಟದಲ್ಲಿ ಆದರೆ ಎಷ್ಟು? ಗಂಡ 250 ಅಂದರು. ನಾನು ಏನೂ ಬೇಡ ಅಂದೆ. ಅಕ್ಕನೇ 100 ಅಂದಳು. “ಏನೂ ಇಲ್ಲ ಅಂದರೆ ನನಗೆ ಸರಿ ಅನ್ನಿಸಲ್ಲ” ಅಂದಳು. ನನ್ನ ಉದಾರತನಕ್ಕೆ ಚೆನ್ನಾಗಿ ಏಟು ಬಿತ್ತು. ನೂರಕ್ಕೇ ನಿಂತಿತು.

ಏನಾದರೂ ಆದರೆ ಆ ಕ್ಷಣ ಫೋನ್ ಮಾಡಬೇಕು ಅನ್ನೋದು ಹಳೇ ಪಟ್ಟಿಯಲ್ಲೂ ಇತ್ತು. ಹೊಸದರಲ್ಲಿ ಅದರ ಪಕ್ಕ ನಮಗೊಂದು ನಿಯಮ ಬಂತು. ಫೋನ್ ಎತ್ತಿದವರು ಮೊದಲು “ನಿನಗೇನೂ ಆಗಿಲ್ಲ ತಾನೇ?” ಅಂತ ಕೇಳಬೇಕು, ಕಾರಿನ ಸುದ್ದಿ ಆಮೇಲೆ. ಕೇಳೋಕೆ ಸಣ್ಣದು. ನನ್ನ ಗಂಡನಿಗೆ ಅದನ್ನು ಎರಡು ಸಲ ಅಭ್ಯಾಸ ಮಾಡಿಸಬೇಕಾಯಿತು.

ಕರ್ಫ್ಯೂ ಹೋಯಿತು. ಬದಲಿಗೆ ಬಂದಿದ್ದು, ಮಕ್ಕಳನ್ನು ಕೂರಿಸಿಕೊಂಡು ಓಡಿಸುವುದಕ್ಕೆ ಎಂಟು ತಾಸು ಮೊದಲೇ ಮನೆಯಲ್ಲಿರಬೇಕು ಅನ್ನೋದು. ನಮಗೆ ಬೇಕಾಗಿದ್ದು ನಿದ್ದೆ ಮಾಡಿ ಎದ್ದ ಡ್ರೈವರ್, ಹತ್ತು ಗಂಟೆ ಅಲ್ಲ. ಕುಡಿದು ಓಡಿಸುವಂತಿಲ್ಲ, ಒಂದು ಗುಟುಕೂ. ಸ್ನೋ ಬಿದ್ದ ದಿನ ಮಕ್ಕಳನ್ನು ನಾವೇ ಕರೆದುಕೊಂಡು ಹೋಗ್ತೀವಿ. ಪೆಟ್ರೋಲ್ ವಾರಕ್ಕೊಂದು ಸಲ ನಾವೇ ತುಂಬಿಸ್ತೀವಿ, ಯಾರು ಎಷ್ಟು ಸುಟ್ಟರು ಅನ್ನೋ ಮುಳ್ಳಿನ ಲೆಕ್ಕ ಸಾಕು. ಗೆಳತಿಯರನ್ನು ಕೂರಿಸಿಕೊಳ್ಳಬಹುದು, ಬೆಲ್ಟ್ ಎಷ್ಟಿದೆಯೋ ಅಷ್ಟು ಜನ.

ನ್ಯೂಆರ್ಕ್ ವಿಷಯಕ್ಕೆ ನಕ್ಕುಬಿಟ್ಟಳು. ಅಲ್ಲಿನ ಐರನ್‌ಬೌಂಡ್ ಕಡೆ ಬ್ರೆಜಿಲಿನವರು, ಪೋರ್ಚುಗಲ್‌ನವರು ತುಂಬಾ ಜನ. ಅವಳ ಊರಿನ ಚೀಸ್ ಬನ್ನು, ಪಾವ್ ಡಿ ಕೇಜು, ಬಿಸಿಬಿಸಿ ಸಿಗುತ್ತೆ. ಅದಕ್ಕೆ ಕಾರು ಯಾಕೆ ಬೇಕು? ಮೆಟ್ರೋಪಾರ್ಕ್‌ನಲ್ಲಿ ರೈಲು ಹತ್ತಿದರೆ ನ್ಯೂಆರ್ಕ್ ಪೆನ್ ಸ್ಟೇಷನ್ನಿನಿಂದ ನಡೆಯುವ ದೂರ. ನಮ್ಮ ಪಟ್ಟಿಗೆ ಗೊತ್ತಾಗದ ಹಾಗೆ ಅವಳು ಸೆಪ್ಟೆಂಬರ್‌ನಿಂದಲೇ ಹೋಗಿ ಬರುತ್ತಿದ್ದಳು. ನಾವು ಸುಮ್ನೆ ಭಯಪಟ್ಟು ನಿಯಮ ಬರೆದು, ಅವಳ ಬನ್ನಿನಲ್ಲಿ ನಮಗೊಂದು ಪಾಲೂ ಸಿಗದ ಹಾಗೆ ಮಾಡಿಕೊಂಡಿದ್ದೆವು.

ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಕ್ಯಾಲೆಂಡರ್. ಕೊರೋಲಾ ಯಾವ ದಿನ ಯಾರಿಗೆ ಅಂತ ಮೂವರ ಫೋನಿನಲ್ಲೂ ಕಾಣುವ ಹಾಗೆ ಹಾಕಿದೆವು. ಅವಳ ರಜದ ದಿನ ಕಾರು ಅವಳದು. ನಮಗೆ ಬೇಕಾದರೆ ನಾವು ಕೇಳಬೇಕು. ಫೆಬ್ರವರಿಯಲ್ಲಿ ಒಂದು ಶನಿವಾರ ನಾನು ಕೇಳಿದೆ, ಅವಳು “ಸಾರಿ, ಇವತ್ತು ಆಗಲ್ಲ” ಅಂದಳು. ಒಂದು ಕ್ಷಣ ಮೈ ಉರಿಯಿತು. ಕಾರು ನಮ್ಮದು! ಆಮೇಲೆ ನನ್ನ ಮಾತು ನನಗೇ ನೆನಪಾಗಿ ಊಬರ್ ಮಾಡಿಕೊಂಡು ಹೋದೆ. ಡ್ರೈವರ್‌ಗೆ ಯಾಕೆ ನಗ್ತಾ ಇದೀನಿ ಅಂತ ಅರ್ಥ ಆಗಿರಲಿಕ್ಕಿಲ್ಲ.

ಅತ್ತೆಗೆ ಇದನ್ನೆಲ್ಲ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅವರಮ್ಮನ ನಂಬರ್ ಕೊಡು, ನಾನೂ ಒಂದು ಸಲ ಮಾತಾಡ್ತೀನಿ” ಅಂದರು. ಯಾವ ಭಾಷೆಯಲ್ಲಿ ಅಂತ ಕೇಳಲಿಲ್ಲ ನಾನು. ಅಕ್ಕ ಮಧ್ಯೆ ಕೂತು ತರ್ಜುಮೆ ಮಾಡಿದಳು. ಇಬ್ಬರೂ ಮುಕ್ಕಾಲು ಗಂಟೆ ಮಂಡಿನೋವಿನ ಬಗ್ಗೆ ಮಾತಾಡಿದರು.

ಏಪ್ರಿಲ್‌ನಲ್ಲಿ ಒಂದು ಭಾನುವಾರ ಫೋನ್ ಬಂತು. ಅಕ್ಕ, ದನಿಯಲ್ಲಿ ಗಾಬರಿ. ನನ್ನ ಗಂಡ ಪಾಠ ಒಪ್ಪಿಸಿದ ಹಾಗೆ “ನಿನಗೇನೂ ಆಗಿಲ್ಲ ತಾನೇ?” ಅಂದರು. ಏನೂ ಆಗಿರಲಿಲ್ಲ. ಗೆಳತಿಯರ ಜೊತೆ ಡೆಲವೇರ್ ನದಿ ದಾಟಿ ಪೆನ್ಸಿಲ್ವೇನಿಯಾದ ನ್ಯೂ ಹೋಪ್‌ಗೆ ಹೋಗಿದ್ದಳು. ಪೆಟ್ರೋಲ್ ಬಂಕಿನಲ್ಲಿ ಹತ್ತು ನಿಮಿಷದಿಂದ ಕಾರಿನಲ್ಲೇ ಕಾಯುತ್ತಾ ಕೂತಿದ್ದಾಳೆ, ಯಾರೂ ಬರ್ತಾ ಇಲ್ಲ.

ನ್ಯೂಜೆರ್ಸಿಯಲ್ಲಿ 1949ರಿಂದ ನಾವೇ ಪೆಟ್ರೋಲ್ ಹಾಕಿಕೊಳ್ಳೋದು ಕಾನೂನಿಗೆ ವಿರುದ್ಧ, ಬಂಕಿನವರೇ ಹಾಕಬೇಕು. ಈ ಕಾನೂನಿಗೆ ಜೊತೆಯಾಗಿ ಆರೆಗಾನ್ ರಾಜ್ಯ ಒಂದಿತ್ತು, ಅದೂ ಅಕ್ಕ ಬಂದ ತಿಂಗಳೇ ಕೈಬಿಟ್ಟಿತು. ಬ್ರೆಜಿಲ್‌ನಲ್ಲೂ 2000ರಿಂದ ಇದೇ ಕಾನೂನು. ಹಾಗಾಗಿ ಅವಳು ಜನ್ಮದಲ್ಲಿ ಪಂಪ್ ಮುಟ್ಟಿದವಳಲ್ಲ. “ಇಳಿದು ನೀನೇ ಹಾಕ್ಕೋಬೇಕು” ಅಂದೆ. “ಹೇಗೆ?” ಅಂದಳು. ನಾನು ಗಂಡನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಹದಿನೈದು ವರ್ಷ ಕಿಟಕಿ ಇಳಿಸಿ “ರೆಗ್ಯುಲರ್, ಫುಲ್” ಅಂದು ಕೂತವರು ನಾವು. ವಿಡಿಯೋ ಕಾಲ್ ಹಾಕಿಕೊಂಡು, ಮೊದಲು ಕಾರ್ಡ್, ಆಮೇಲೆ ಗ್ರೇಡ್, ಇಲ್ಲ ಇಲ್ಲ ಮೊದಲು ನಾಝಲ್ ಅಂತ ಇಬ್ಬರೂ ಜಗಳ ಆಡುವಷ್ಟರಲ್ಲಿ ಪಕ್ಕದ ಪಂಪಿನಲ್ಲಿದ್ದ ಮುದುಕರೊಬ್ಬರು ಬಂದು ಹಾಕಿಕೊಟ್ಟರು. ನಂಬರ್ ಪ್ಲೇಟ್ ನೋಡಿ “ಓ, ನ್ಯೂಜೆರ್ಸಿ” ಅಂದರಂತೆ.

ಆಗಸ್ಟ್‌ನಲ್ಲಿ ಅವಳು ಹೊರಟಳು. ಏರ್‌ಪೋರ್ಟಿಗೆ ಕೊರೋಲಾದಲ್ಲೇ ಹೋದೆವು, ಓಡಿಸಿದ್ದು ಅವಳೇ. ಕೊನೇ ಸಲ ಮಗಳ ಮೂಗಿಗೆ ಚಿಟಿಕೆ ಹಾಕಿ ಕೀ ನನ್ನ ಕೈಗೆ ಕೊಟ್ಟಳು. ವಾಪಸ್ ಓಡಿಸೋಕೆ ಕೂತರೆ ಮಂಡಿ ಸ್ಟೀರಿಂಗ್‌ಗೆ ತಗುಲಿತು, ಸೀಟು ಅವಳ ಅಳತೆಯಲ್ಲೇ ಇತ್ತು.

ಈಗ ಬರುವವಳು ಜರ್ಮನಿಯ ಹುಡುಗಿ. ಹೋದ ವಾರ ವಿಡಿಯೋ ಕಾಲ್‌ನಲ್ಲಿ ಮಾತಾಡಿದೆವು. ನಮ್ಮ ಬಗ್ಗೆ ಕೇಳಿ ತಿಳಿದುಕೊಳ್ಳಲಿ ಅಂತ ಅಕ್ಕನ ನಂಬರ್ ಮೊದಲೇ ಕೊಟ್ಟಿದ್ದೆ. ಅರ್ಧ ಪುಟದ ಹಾಳೆಯನ್ನೂ ಕಳಿಸಿದ್ದೆ. ಓದಿದ್ದೀನಿ, ಎಲ್ಲ ಸರಿ ಇದೆ, ಒಂದೇ ಒಂದು ಪ್ರಶ್ನೆ ಅಂದಳು.

“ಆ ಕಪ್ಪು ಡಬ್ಬಿ ಈಗ ಎಲ್ಲಿದೆ?”

ಡ್ರಾಯರ್‌ನಿಂದ ತೆಗೆದು ಕ್ಯಾಮೆರಾ ಮುಂದೆ ಹಿಡಿದೆ.